ಸೀಸನ್ ಮುಗಿದ ಮೇಲೆ ಕಡಲೂರಿನಲ್ಲಿ ಯಾರಿರುತ್ತಾರೆ?

ಬಿಸಿಲು ಚೆಲ್ಲುವ ಕಡಲತೀರದ ಸಣ್ಣ ಊರು ಅಂದರೆ ಯಾರಿಗೆ ಇಷ್ಟವಿಲ್ಲ? ರಜೆಗೆ ಅಲ್ಲಿಗೆ ಹೋಗಬೇಕು, ಕೈಯಲ್ಲಿ ದುಡ್ಡಿದ್ದರೆ ಒಂದು ಮನೆ ತಗೊಳ್ಳಬೇಕು, ನಿವೃತ್ತಿಯಾದ ಮೇಲೆ ಅಲ್ಲೇ ಇದ್ದುಬಿಡಬೇಕು. ಈ ಆಸೆ ಜಗತ್ತಿನ ತುಂಬ ಇದೆ. ಇದೇ ಆಸೆ ಈಗ ಆ ಊರುಗಳನ್ನು ಒಳಗಿನಿಂದ ಖಾಲಿ ಮಾಡುತ್ತಿದೆ. ಇಂಗ್ಲೆಂಡಿನ ಕಾರ್ನ್‌ವಾಲ್, ಆಸ್ಟ್ರೇಲಿಯಾದ ಬೈರನ್ ಬೇ, ಗ್ರೀಸಿನ ಪಾರೋಸ್ ದ್ವೀಪ, ಕೆನಡಾದ ಬ್ರಿಟಿಷ್ ಕೊಲಂಬಿಯಾ, ಎಲ್ಲ ಕಡೆಯೂ ಕಳೆದ ಹತ್ತು ವರ್ಷಗಳಲ್ಲಿ ಇದರ ಬಗ್ಗೆ ಗಟ್ಟಿ ದನಿ ಎದ್ದಿದೆ. ಹೊಸ ಕಾನೂನುಗಳೂ ಬಂದಿವೆ.

ಚರ್ಚೆ ಜಾಸ್ತಿ ನಡೆದಿರುವುದು ಮನೆ ಬೆಲೆಯ ಬಗ್ಗೆ, ಬಾಡಿಗೆಯ ಬಗ್ಗೆ. ಅದು ನಡೆಯಲೇಬೇಕಾದ ಚರ್ಚೆ. ಆದರೆ ಮನೆಗಳ ಜೊತೆಗೇ ಇನ್ನೊಂದು ಸದ್ದಿಲ್ಲದೆ ಹೋಗುತ್ತಿದೆ. ಊರಿನವರು ಸುಮ್ನೆ ಬಂದು ಕೂರುವ ಜಾಗಗಳು. ಬಂದರಿನ ಪಕ್ಕದ ಕಾಫಿ ಅಂಗಡಿ, ಗ್ರಂಥಾಲಯ, ಮೀನುಗಾರರ ಸಂಘದ ಕೋಣೆ, ಊರಿನ ಸಭಾಭವನ, ಈಜು ಕ್ಲಬ್ಬು, ಮರದ ಕೆಳಗಿನ ಬೆಂಚು. ನೋಡೋಕೆ ಇವು ಸಣ್ಣವು. ಯಾವುದಾದರೂ ಒಂದು ಮುಚ್ಚಿದರೆ ಸುದ್ದಿಯಾಗುವುದಿಲ್ಲ. ಆದರೆ ಸಣ್ಣ ಊರಿನ ಚೆಲುವು ಎಂದು ನಾವು ಹುಡುಕಿಕೊಂಡು ಹೋಗುವುದು ಇವುಗಳನ್ನೇ. ಕಡಲು, ಮರಳು, ಬಿಸಿಲು ನೂರಾರು ಕಡೆ ಸಿಗುತ್ತವೆ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ಊರು ಎಲ್ಲ ಕಡೆ ಸಿಗುವುದಿಲ್ಲ, ಅಲ್ವಾ?

ಒಂದು ಕಡಲೂರು ಬದುಕಿದೆಯೋ ಇಲ್ಲವೋ ಎಂದು ತಿಳಿಯಲು ಜನಜಂಗುಳಿಯ ವಾರಾಂತ್ಯದಲ್ಲಿ ಹೋಗಿ ಪ್ರಯೋಜನವಿಲ್ಲ. ಸೀಸನ್ ಇಲ್ಲದ ತಿಂಗಳಲ್ಲಿ, ಒಂದು ಮಂಗಳವಾರ ಸಂಜೆ ಹೋಗಿ ನೋಡಬೇಕು. ಎಷ್ಟು ಮನೆಗಳಲ್ಲಿ ದೀಪ ಇದೆ? ಕೂತು ಮಾತಾಡಲು ಬಾಗಿಲು ತೆರೆದಿರುವ ಜಾಗ ಒಂದಾದರೂ ಇದೆಯೇ? ನನ್ನ ಪ್ರಕಾರ ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ.

ಈ ಜಾಗಗಳ ಬಗ್ಗೆ ಮೊದಲು ವ್ಯವಸ್ಥಿತವಾಗಿ ಬರೆದವರಲ್ಲಿ ಪ್ರಮುಖರು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್. ಅವರು ಪಾಠ ಮಾಡುತ್ತಿದ್ದದ್ದು ಫ್ಲೋರಿಡಾದ ಪೆನ್ಸಕೋಲಾದಲ್ಲಿ. ಅದೂ ಬಿಸಿಲಿನ ಕಡಲೂರೇ. 1989ರಲ್ಲಿ ಅವರು ಮುಂದಿಟ್ಟ ವಿಚಾರ ಸರಳ. ಮನುಷ್ಯನಿಗೆ ಮನೆ ಒಂದು ಜಾಗ, ಕೆಲಸ ಇನ್ನೊಂದು ಜಾಗ. ಇವೆರಡೂ ಅಲ್ಲದ ಮೂರನೆಯ ಜಾಗವೂ ಬೇಕು. ಅಲ್ಲಿ ಯಾರೂ ಆತಿಥೇಯರಲ್ಲ, ಯಾರೂ ಅತಿಥಿಗಳಲ್ಲ. ಶ್ರೀಮಂತ, ಬಡವ, ಸಾಹೇಬ, ಕೂಲಿ ಎಲ್ಲರೂ ಒಂದೇ ಮೇಜಿಗೆ ಕೂರಬಹುದು. ಮುಖ್ಯ ಕೆಲಸ ಮಾತು. ಜಾಗ ನೋಡಲು ಸಾಧಾರಣವಾಗಿರುತ್ತದೆ. ಎಲ್ಲಕ್ಕಿಂತ ದೊಡ್ಡದು ಏನೆಂದರೆ ಅಲ್ಲಿಗೆ ದಿನಾ ಬರುವ ಒಂದಷ್ಟು ಜನ ಇರಬೇಕು. ಹೊಸಬ ಒಳಗೆ ಬಂದಾಗ ಅವನಿಗೆ ಅದು ಜೀವಂತ ಜಾಗ ಅನಿಸುವುದು ಈ ಖಾಯಂ ಮಂದಿಯಿಂದ.

ಕಡಲೂರುಗಳಲ್ಲಿ ಪೆಟ್ಟು ಬೀಳುತ್ತಿರುವುದು ಸರಿಯಾಗಿ ಇಲ್ಲಿಗೇ. ಕಟ್ಟಡ ಉಳಿಯಬಹುದು, ಬಣ್ಣ ಹೊಸದಾಗಬಹುದು, ಕುರ್ಚಿಗಳೂ ಹೆಚ್ಚಾಗಬಹುದು. ದಿನಾ ಬರುವವರು ಇಲ್ಲದಿದ್ದರೆ ಅದು ಪ್ರವಾಸಿಗರು ಬಂದು ಹೋಗುವ ಇನ್ನೊಂದು ಅಂಗಡಿ, ಅಷ್ಟೇ.

ದುಡ್ಡಿನ ಲೆಕ್ಕ

ರಜೆ ಮನೆಯ ಜಾಹೀರಾತನ್ನು ಒಮ್ಮೆ ಗಮನವಿಟ್ಟು ಓದಿ. ಹತ್ತು ನಿಮಿಷದ ನಡಿಗೆಯಲ್ಲಿ ಹಳೆಯ ಬಂದರು, ಊರಿನವರೇ ನಡೆಸುವ ಕಾಫಿ ಅಂಗಡಿ, ಭಾನುವಾರದ ಸಂತೆ, ಸ್ನೇಹದ ಜನ. ಅಂದರೆ ಮಾಲೀಕ ಬಾಡಿಗೆಗೆ ಕೊಡುತ್ತಿರುವುದು ಬರೀ ನಾಲ್ಕು ಗೋಡೆಗಳನ್ನಲ್ಲ. ಊರಿನವರು ವರ್ಷಗಟ್ಟಲೆ ಬಂದು ಕೂತು, ಮಾತಾಡಿ, ಜಗಳವಾಡಿ, ಸಂಘ ಕಟ್ಟಿ ಬೆಳೆಸಿದ ವಾತಾವರಣವನ್ನೂ ಸೇರಿಸಿ ಕೊಡುತ್ತಿದ್ದಾನೆ. ದುಡ್ಡು ಮಾತ್ರ ಪೂರ್ತಿ ಮನೆಗೇ ಹೋಗುತ್ತದೆ. ವಾತಾವರಣ ಬೆಳೆಸಿದವರಿಗೆ ಅದರಲ್ಲಿ ಪಾಲಿಲ್ಲ. ಊರಿನ ಹೆಸರು ಏರಿದಷ್ಟೂ ಅವರ ಮನೆ ಬಾಡಿಗೆ ಏರುತ್ತದೆ. ಕೊನೆಗೆ ಅವರೇ ಊರು ಬಿಡಬೇಕಾಗುತ್ತದೆ. ಯಾರೋ ಕೆಟ್ಟವರು ಸೇರಿ ಮಾಡಿದ ಸಂಚು ಇದಲ್ಲ. ಎಲ್ಲರೂ ತಮಗೆ ಒಳ್ಳೆಯದೆನಿಸಿದ್ದನ್ನು ಮಾಡುತ್ತಾ ಹೋದರೂ ಫಲ ಹೀಗೇ ಬರುತ್ತದೆ. ಅದಕ್ಕೇ ಇದನ್ನು ಬರೀ ಒಳ್ಳೆಯ ಮನಸ್ಸಿನಿಂದ ಸರಿಮಾಡಲು ಆಗುವುದಿಲ್ಲ.

ಅಂಗಡಿಗಳ ಕಥೆಯೂ ಇದೇ. ಒಂದು ಕಪ್ ಕಾಫಿ ಹೇಳಿ ಎರಡು ಗಂಟೆ ಕೂರುವ ಗಿರಾಕಿಯಿಂದ ಅಂಗಡಿಗೆ ಸಿಗುವ ಲಾಭ ಕಡಿಮೆ. ಹಳೆಯ ಬಾಡಿಗೆಯಲ್ಲಿ ಅದು ನಡೆಯುತ್ತಿತ್ತು. ಪ್ರವಾಸಿ ಊರಿನಲ್ಲಿ ಬಾಡಿಗೆ ನಿಗದಿಯಾಗುವುದು ಸೀಸನ್ನಿನ ಎರಡು ಮೂರು ತಿಂಗಳ ವ್ಯಾಪಾರ ನೋಡಿ. ಆ ಬಾಡಿಗೆ ಕಟ್ಟಬೇಕಾದರೆ ಮೇಜು ಬೇಗ ಬೇಗ ಖಾಲಿಯಾಗಬೇಕು. ದರ ಏರುತ್ತದೆ, ಕೂರುವ ಹೊತ್ತು ಇಳಿಯುತ್ತದೆ. ಸೀಸನ್ ಮುಗಿದ ಮೇಲೆ ಬಾಗಿಲು ತೆರೆದರೆ ನಷ್ಟ, ಹಾಗಾಗಿ ಮುಚ್ಚುತ್ತಾರೆ. ಊರಿನವರಿಗೆ ಒಬ್ಬರಿಗೊಬ್ಬರು ಬೇಕಾಗುವುದು ಆ ಬಿಡುವಿನ ತಿಂಗಳುಗಳಲ್ಲೇ. ಆಗಲೇ ಬೀಗ.

ಇದರ ಜೊತೆ ಕೆಲಸದವರ ಸಮಸ್ಯೆ. ಅಡುಗೆಯವರು, ಗ್ರಂಥಾಲಯದ ಸಿಬ್ಬಂದಿ, ಮೇಷ್ಟ್ರು, ದಾದಿಯರು ಊರಿನಲ್ಲಿ ಮನೆ ಸಿಗದೆ ದೂರದಿಂದ ಬರುತ್ತಾರೆ. ಕೆಲಸ ಮುಗಿದ ತಕ್ಷಣ ಬಸ್ಸು ಹಿಡಿಯುತ್ತಾರೆ. ಸಂಜೆಯ ಸಭೆಗೆ, ನಾಟಕದ ತಾಲೀಮಿಗೆ, ಸಂಘದ ಚುನಾವಣೆಗೆ ಇರುವುದಿಲ್ಲ. ಊರಿಗೆ ಅವರ ದುಡಿಮೆ ಸಿಗುತ್ತದೆ, ಅವರು ಸಿಗುವುದಿಲ್ಲ.

ಬಂದರಿನ ಪಕ್ಕದ ಮನೆ

ಇದು ಬರೀ ಹರಟೆಯ ವಿಷಯ ಎಂದು ಯಾರಾದರೂ ಅಂದುಕೊಂಡರೆ ಅವರಿಗೆ ಕಾರ್ನ್‌ವಾಲ್‌ನ ಮೌಜಲ್ ಎಂಬ ಪುಟ್ಟ ಹಳ್ಳಿಯ ಬಗ್ಗೆ ಹೇಳಬೇಕು. ಬ್ರಿಟನ್ ಮತ್ತು ಐರ್ಲೆಂಡಿನ ಕಡಲಲ್ಲಿ ಅಪಾಯಕ್ಕೆ ಸಿಕ್ಕವರನ್ನು ರಕ್ಷಿಸುವ ಆರ್‌ಎನ್‌ಎಲ್‌ಐ ಸಂಸ್ಥೆ 1824ರಲ್ಲಿ ಶುರುವಾದದ್ದು. ಇವತ್ತಿಗೂ ಅದರ ಲೈಫ್‌ಬೋಟ್ ಸಿಬ್ಬಂದಿಯಲ್ಲಿ ಬಹುಪಾಲು ಸ್ವಯಂಸೇವಕರು. ಮೀನು ಹಿಡಿಯುವವರು, ಬಡಗಿಗಳು, ಅಂಗಡಿಯವರು. ಪೇಜರ್ ಹೊಡೆದುಕೊಂಡ ಕೂಡಲೇ ಕೈಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾರೆ. ಕೆಲವೇ ನಿಮಿಷಗಳಲ್ಲಿ ದೋಣಿ ನೀರಿಗಿಳಿಯಬೇಕು. ಹಾಗಾಗಿ ಅವರ ಮನೆ ಬಂದರಿಗೆ ಹತ್ತಿರವೇ ಇರಬೇಕು.

1981ರ ಡಿಸೆಂಬರ್ 19ರ ರಾತ್ರಿ ಬಿರುಗಾಳಿಯಲ್ಲಿ ಸಿಕ್ಕಿಬಿದ್ದ ಒಂದು ಹಡಗಿನವರನ್ನು ಉಳಿಸಲು ಪೆನ್‌ಲೀ ಲೈಫ್‌ಬೋಟ್ ಹೊರಟಿತು. ಅದರಲ್ಲಿದ್ದ ಎಂಟು ಮಂದಿಯೂ ಮೌಜಲ್ ಹಳ್ಳಿಯವರು. ಎಂಟೂ ಜನ ಸತ್ತರು. ಹಡಗಿನಲ್ಲಿದ್ದವರೂ ಉಳಿಯಲಿಲ್ಲ. ಒಂದು ದಿನ ಕಳೆಯುವುದರೊಳಗೆ ಹೊಸ ತಂಡಕ್ಕೆ ಸಾಕಾಗುವಷ್ಟು ಜನ ಅದೇ ಹಳ್ಳಿಯಿಂದ ಮುಂದೆ ಬಂದರು.

ಇಂಥ ಧೈರ್ಯ ಒಂದು ನೋಟಿಸ್ ಅಂಟಿಸಿದರೆ ಹುಟ್ಟುವುದಿಲ್ಲ. ದಕ್ಕೆಯ ಮೇಲೆ, ಅಂಗಡಿಯ ಮುಂದೆ, ಪ್ರಾರ್ಥನಾಲಯದ ಹೊರಗೆ ದಿನಾ ಮುಖ ನೋಡಿದವರ ನಡುವೆ ಹುಟ್ಟುತ್ತದೆ. ಇವತ್ತು ಮೌಜಲ್ ಸೇರಿದಂತೆ ಕಾರ್ನ್‌ವಾಲ್‌ನ ಹಲವು ಬಂದರು ಹಳ್ಳಿಗಳಲ್ಲಿ ದಕ್ಕೆಯ ಸುತ್ತಲಿನ ಮನೆಗಳಲ್ಲಿ ಬಹಳಷ್ಟು ರಜೆ ಮನೆಗಳು. ಬೆಲೆ ಅಲ್ಲಿನ ದುಡಿಯುವವರ ಕೈಗೆ ಎಟುಕುವುದಿಲ್ಲ. ಬಂದರಿನಿಂದ ದೂರ ಹೋಗಿ ನೆಲೆಸಿದವನು ಎಷ್ಟೇ ಧೈರ್ಯಶಾಲಿಯಾದರೂ ದೋಣಿ ಹೊರಡುವಷ್ಟರಲ್ಲಿ ತಲುಪಲಾರ. ನನಗೆ ಈ ಇಡೀ ಚರ್ಚೆಯಲ್ಲಿ ಅತ್ಯಂತ ಕಳವಳ ಹುಟ್ಟಿಸುವ ಸಂಗತಿ ಇದು.

ಕಾನೂನು ಎಷ್ಟು ದೂರ ಬಂದಿದೆ

ಅದೇ ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಊರಿನಲ್ಲಿ 2016ರಲ್ಲಿ ಜನಮತ ನಡೆಯಿತು. ಹೊಸದಾಗಿ ಕಟ್ಟುವ ಮನೆಗಳಲ್ಲಿ ಖಾಯಂ ವಾಸ ಮಾಡುವವರಿಗೆ ಮಾತ್ರ ಅವಕಾಶ ಎಂಬ ನಿಯಮದ ಪರವಾಗಿ ಶೇ. 80ಕ್ಕೂ ಹೆಚ್ಚು ಮತ ಬಿತ್ತು. 2022ರಲ್ಲಿ ಉತ್ತರ ಇಂಗ್ಲೆಂಡಿನ ವಿಟ್ಬಿಯಲ್ಲೂ ಹೀಗೇ ಮತ ಕೇಳಿದಾಗ ಬೆಂಬಲ ಶೇ. 90 ದಾಟಿತು. ವೇಲ್ಸ್‌ನಲ್ಲಿ 2023ರ ಏಪ್ರಿಲ್‌ನಿಂದ ಎರಡನೇ ಮನೆಗಳ ಮೇಲೆ ಸ್ಥಳೀಯ ಆಡಳಿತ ಶೇ. 300ರವರೆಗೆ ಹೆಚ್ಚುವರಿ ತೆರಿಗೆ ಹಾಕಬಹುದು. ಬ್ರಿಟಿಷ್ ಕೊಲಂಬಿಯಾದಲ್ಲಿ 2024ರ ಮೇ 1ರಿಂದ, 10,000ಕ್ಕಿಂತ ಹೆಚ್ಚು ಜನಸಂಖ್ಯೆಯ ಹೆಚ್ಚಿನ ಊರುಗಳಲ್ಲಿ, ಮಾಲೀಕ ತಾನೇ ವಾಸಿಸುವ ಮನೆಯನ್ನು, ಜೊತೆಗೆ ಅದೇ ಆವರಣದ ಒಂದು ಉಪಮನೆಯನ್ನು ಮಾತ್ರ ಅಲ್ಪಾವಧಿ ಬಾಡಿಗೆಗೆ ಕೊಡಬಹುದು. ಬೈರನ್‌ನಲ್ಲಿ 2024ರ ಸೆಪ್ಟೆಂಬರ್‌ನಿಂದ ಮಾಲೀಕ ಇಲ್ಲದ ಮನೆಗಳನ್ನು ಪ್ರವಾಸಿಗರಿಗೆ ಕೊಡಲು ಬಹುತೇಕ ಪ್ರದೇಶದಲ್ಲಿ ವರ್ಷಕ್ಕೆ 60 ದಿನಗಳ ಮಿತಿ ಇದೆ.

ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಇವುಗಳ ಮಿತಿಯನ್ನೂ ಹೇಳಬೇಕು. ಸೇಂಟ್ ಐವ್ಸ್‌ನ ನಿಯಮ ಹೊಸ ಮನೆಗಳಿಗೆ ಮಾತ್ರ. ಬಂದರಿನ ಸುತ್ತ ಇರುವುದು ಹಳೆಯ ಮನೆಗಳು. ಹೊರಗಿನ ದುಡ್ಡಿಗೆ ಅಲ್ಲಿ ಯಾವ ಅಡ್ಡಿಯೂ ಇಲ್ಲ. ಹೊಸದು ಸಿಗದಿದ್ದಾಗ ಅದು ಹಳೆಯದರ ಕಡೆಗೇ ತಿರುಗುತ್ತದೆ. ವಿಟ್ಬಿಯ ಮತಕ್ಕೆ ಕಾನೂನಿನ ಬಲವೇ ಇರಲಿಲ್ಲ. ತೆರಿಗೆ ಏರಿಸಿದರೆ ಸಾಧಾರಣ ಮಾಲೀಕ ಮಾರಬಹುದು, ತುಂಬ ಶ್ರೀಮಂತನಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆ ತೆರಿಗೆಯ ಹಣ ಸ್ಥಳೀಯರಿಗೆ ಮನೆ ಕಟ್ಟಲು ಹೋಗುತ್ತದೋ ಇಲ್ಲವೋ ಎಂಬುದರ ಮೇಲೆ ಅರ್ಧ ಫಲ ನಿಂತಿದೆ.

ಇನ್ನೊಂದು ತೊಡಕು ಕಣ್ಣಿಗೆ ಬೇಗ ಬೀಳುವುದಿಲ್ಲ. ಮನೆಗಳು ಊರಿನವರಿಗೆ ವಾಪಸ್ ಸಿಗಬಹುದು. ಆ ಹೊತ್ತಿಗೆ ಸಭಾಭವನ ಬಂಗಲೆಯಾಗಿದ್ದರೆ, ಗ್ರಂಥಾಲಯ ವಾರಕ್ಕೆ ಎರಡು ದಿನಕ್ಕಿಳಿದಿದ್ದರೆ, ವಾಪಸ್ ಬಂದವರು ಸೇರುವುದೆಲ್ಲಿ? ಮನೆಯ ಕಾನೂನು ಮತ್ತು ಸೇರುವ ಜಾಗದ ಕಾನೂನು ಜೊತೆಜೊತೆಗೆ ಬರಬೇಕು. ಈಗ ಹೆಚ್ಚಾಗಿ ಮೊದಲನೆಯದೇ ಬರುತ್ತಿದೆ.

ಮರಳು ಯಾರದು?

ಕಡಲೂರಿನ ಅತಿ ದೊಡ್ಡ ಸೇರುವ ಜಾಗ ಕಡಲತೀರವೇ. ಅದಕ್ಕೆ ಟಿಕೆಟ್ ಇಲ್ಲ, ಬಾಗಿಲಿಲ್ಲ. ಅದಕ್ಕೇ ಅದರ ಮೇಲೆ ಬೇಲಿ ಹಾಕುವ ಆಸೆಯೂ ದೊಡ್ಡದು.

1966ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಕ್ಯಾನನ್ ಬೀಚ್ ಎಂಬ ಸಣ್ಣ ಊರಿನಲ್ಲಿ ಒಂದು ಮೋಟೆಲ್‌ನವರು ಮುಂದಿನ ಒಣ ಮರಳಿಗೆ ಬೇಲಿ ಹಾಕಿ, ಅದು ತಮ್ಮ ಅತಿಥಿಗಳಿಗೆ ಮಾತ್ರ ಅಂದರು. ಅಲೆ ಬಂದು ಹೋಗುವ ಒದ್ದೆ ಮರಳು ಸಾರ್ವಜನಿಕ ಎಂಬುದು ಮೊದಲೇ ಇತ್ತು, ಒಣ ಮರಳಿನ ಬಗ್ಗೆ ಕಾನೂನು ಸ್ಪಷ್ಟವಿರಲಿಲ್ಲ. ಜನ ರೊಚ್ಚಿಗೆದ್ದರು. ಮರುವರ್ಷವೇ, 1967ರಲ್ಲಿ, ಒಣ ಮರಳನ್ನೂ ಸೇರಿಸಿ ಇಡೀ ರಾಜ್ಯದ ಕಡಲತೀರವನ್ನು ಎಲ್ಲರೂ ಬಳಸುವ ಹಕ್ಕನ್ನು ಕಾಯುವ ಕಾನೂನು ಬಂತು. ಒಂದು ಸಣ್ಣ ಊರಿನ ಒಂದು ಬೇಲಿಯಿಂದ ಶುರುವಾದದ್ದು ಇದು.

ಗ್ರೀಸಿನಲ್ಲಿ 2023ರ ಬೇಸಿಗೆಯಲ್ಲಿ ನಡೆದದ್ದೂ ಇದರ ಸೋದರನಂಥ ಹೋರಾಟ. ಅಲ್ಲಿ ಕಡಲತೀರ ಸಾರ್ವಜನಿಕವೇ. ಆದರೆ ಬಾಡಿಗೆ ಕುರ್ಚಿ, ಛತ್ರಿಗಳ ಸಾಲು ನೀರಿನ ಅಂಚಿನವರೆಗೆ ಬಂದು, ದುಡ್ಡು ಕೊಡದವನಿಗೆ ಟವೆಲ್ ಹಾಸಲೂ ಜಾಗವಿರಲಿಲ್ಲ. ಪಾರೋಸ್ ದ್ವೀಪದವರು ಬೀದಿಗಿಳಿದರು. ಚಳವಳಿಗೆ ಟವೆಲ್‌ನ ಹೆಸರೇ ಬಂತು, ಬೇರೆ ದ್ವೀಪಗಳಿಗೂ ಹಬ್ಬಿತು. 2024ರ ಹೊಸ ಕಾನೂನು ಪ್ರಕಾರ ಗುತ್ತಿಗೆ ಕೊಟ್ಟ ತೀರದಲ್ಲೂ ಸಾಮಾನ್ಯವಾಗಿ ಕನಿಷ್ಠ ಶೇ. 70ರಷ್ಟು ಭಾಗ ಕುರ್ಚಿ ಛತ್ರಿಗಳಿಲ್ಲದೆ ಖಾಲಿ ಇರಬೇಕು. ನೀರಿನಿಂದ 4 ಮೀಟರ್ ಒಳಗೆ ಏನನ್ನೂ ಇಡುವಂತಿಲ್ಲ. ಅತಿಕ್ರಮಣ ಕಂಡರೆ ಜನ ಮೊಬೈಲ್ ಆ್ಯಪ್‌ನಲ್ಲೇ ದೂರು ಕೊಡಬಹುದು. ಪಾಲನೆ ಸುಲಭವಲ್ಲ. ಆದರೂ ಕೇಳುವ ಹಕ್ಕು ಕಾಗದದ ಮೇಲೆ ಸ್ಪಷ್ಟವಾಗಿ ಬಂದಿದೆ.

ಬಿರುಗಾಳಿ ಬಂದಾಗ

1995ರ ಜುಲೈನಲ್ಲಿ ಷಿಕಾಗೋ ನಗರದಲ್ಲಿ ಬಿಸಿಗಾಳಿಗೆ ಮಾಮೂಲಿಗಿಂತ 739 ಜನ ಹೆಚ್ಚು ಸತ್ತರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನನ್‌ಬರ್ಗ್ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿ ನೋಡಿದರು. ಎರಡರಲ್ಲೂ ಬಡತನವಿತ್ತು, ಒಂಟಿ ವೃದ್ಧರಿದ್ದರು. ಸಾವಿನ ಪ್ರಮಾಣ ಮಾತ್ರ ಒಂದರಲ್ಲಿ ಇನ್ನೊಂದಕ್ಕಿಂತ ಸುಮಾರು ಹತ್ತು ಪಟ್ಟು. ಕಡಿಮೆ ಸಾವಾದ ಕಡೆ ಬೀದಿಗಳು ತುಂಬಿದ್ದವು, ಅಂಗಡಿಗಳಿದ್ದವು, ವೃದ್ಧರು ಹೊರಗೆ ಬರುತ್ತಿದ್ದರು. ಯಾರಾದರೂ ಕಾಣದಿದ್ದರೆ ಬಾಗಿಲು ತಟ್ಟುವವರಿದ್ದರು. ಷಿಕಾಗೋ ಕಡಲೂರಲ್ಲ. ಆದರೆ ಬಿಸಿಲಿನ ಕಡಲತೀರಗಳಲ್ಲಿ ನಿವೃತ್ತರ ಸಂಖ್ಯೆ ಜಾಸ್ತಿ, ಬಿಸಿಯೂ ಏರುತ್ತಿದೆ. ಆ ಲೆಕ್ಕ ಇಲ್ಲಿಗೆ ನೇರವಾಗಿ ಅನ್ವಯಿಸುತ್ತದೆ.

ಜಪಾನಿನಲ್ಲಿ ಇದನ್ನು ಮನಗಂಡು ಕೆಲಸ ಮಾಡಿದವರಿದ್ದಾರೆ. 2011ರ ಸುನಾಮಿಗೆ ತುತ್ತಾದ ಓಫುನಾತೋ ಊರಿನಲ್ಲಿ 2013ರಲ್ಲಿ ಇಬಾಶೋ ಎಂಬ ಸೇರುವ ಮನೆ ಶುರುವಾಯಿತು. ಹಳೆಯ ರೈತರ ಮನೆಯೊಂದನ್ನು ತಂದು ಮತ್ತೆ ನಿಲ್ಲಿಸಿ ಮಾಡಿದ್ದು. ವಿಶೇಷವೆಂದರೆ ಅಲ್ಲಿ ವೃದ್ಧರು ಸೇವೆ ಪಡೆಯಲು ಬರುವವರಲ್ಲ. ನಡೆಸುವವರೇ ಅವರು.

ವಿಪತ್ತಿನ ನಂತರ ಊರು ಮತ್ತೆ ಕಟ್ಟುವಾಗ ಉಲ್ಟಾ ಆಗುವುದೂ ಉಂಟು. ಅಮೆರಿಕದಲ್ಲಿ ನೆರೆ ಅಪಾಯದ ಪ್ರದೇಶದ ಕಟ್ಟಡಕ್ಕೆ ಅದರ ಬೆಲೆಯ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಹಾನಿಯಾದರೆ, ಈಗಿನ ನಿಯಮಕ್ಕೆ ತಕ್ಕಂತೆ ಎತ್ತರಿಸಿ ಕಟ್ಟಬೇಕು. ಸುರಕ್ಷತೆಗೆ ಇದು ಸರಿ. ಹಳೆಯ ಸಣ್ಣ ಅಂಗಡಿ, ಗುಡಿಸಲಿನಂಥ ಹೋಟೆಲಿಗೆ ಆ ಖರ್ಚು ಹೊರಲಾಗದು. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಫ್ಲೋರಿಡಾದ ಫೋರ್ಟ್ ಮೈಯರ್ಸ್ ಬೀಚ್ ಊರನ್ನು ಬಡಿದಾಗ ಜನ ಮೀನು ಹಿಡಿಯುತ್ತಾ ಹೊತ್ತು ಕಳೆಯುತ್ತಿದ್ದ ಪಿಯರ್, ಅಂದರೆ ಕಡಲೊಳಗೆ ಚಾಚಿದ ಕಟ್ಟೆ ಕೂಡ ಕೊಚ್ಚಿಹೋಯಿತು. ಇಂಥ ಹೊತ್ತಿನಲ್ಲಿ ಸಣ್ಣ ಮಾಲೀಕ ಜಾಗ ಮಾರಿ ಹೊರಡುತ್ತಾನೆ, ದೊಡ್ಡ ಬಂಡವಾಳ ಬರುತ್ತದೆ. ಪರಿಹಾರ ಧನದ ಮೊದಲ ಕಂತು ಸೇರುವ ಜಾಗಗಳಿಗೆ ಹೋಗಬೇಕು ಎಂದು ನಾನು ಹೇಳುವುದು ಇದಕ್ಕೇ. ಜನ ವಾಪಸ್ ಬರಬೇಕೋ ಬೇಡವೋ ಎಂದು ತೀರ್ಮಾನಿಸುವ ತಿಂಗಳುಗಳಲ್ಲಿ ಸೇರಲು ಒಂದು ಸೂರು ಇರಬೇಕು.

ಕಾಗದ ಪತ್ರ ಯಾರ ಹೆಸರಲ್ಲಿದೆ

ಕಡಲೂರುಗಳಲ್ಲಿ ಗಟ್ಟಿಯಾಗಿ ಉಳಿದುಕೊಂಡ ಜಾಗಗಳನ್ನು ನೋಡಿದರೆ ಒಂದು ಸಮಾನ ಅಂಶ ಕಾಣುತ್ತದೆ. ಅವುಗಳ ಜಾಗ ಮಾರುಕಟ್ಟೆಯ ಕೈಗೆ ಸುಲಭವಾಗಿ ಸಿಗುವುದಿಲ್ಲ. ಆಸ್ಟ್ರೇಲಿಯಾದ ಸರ್ಫ್ ಲೈಫ್ ಸೇವಿಂಗ್ ಕ್ಲಬ್ಬುಗಳು ಒಳ್ಳೆಯ ಉದಾಹರಣೆ. 1907ರ ಹೊತ್ತಿಗೆ ಸಿಡ್ನಿಯ ಕಡಲತೀರಗಳಲ್ಲಿ ಶುರುವಾದ ಇವು ಇವತ್ತು ಮುನ್ನೂರಕ್ಕೂ ಹೆಚ್ಚಿವೆ. ಕೆಲಸ ಮುಳುಗುವವರನ್ನು ಕಾಪಾಡುವುದು. ಆದರೆ ಮಕ್ಕಳ ತರಬೇತಿ, ಊರಿನ ಸಭೆ, ಮದುವೆ, ಎಲ್ಲಕ್ಕೂ ಅದೇ ಕಟ್ಟಡ. ಸಾಮಾನ್ಯವಾಗಿ ಸಾರ್ವಜನಿಕ ಜಮೀನಿನ ಮೇಲೆ ಗುತ್ತಿಗೆಯಲ್ಲಿರುತ್ತವೆ. ಸಮುದ್ರದ ಎದುರಿನ ಬಂಗಾರದಂಥ ಜಾಗದಲ್ಲಿದ್ದರೂ ಹೋಟೆಲಾಗದೆ ಉಳಿದಿರುವುದು ಅದರಿಂದಲೇ. ಕಾಪಾಡುವ ಕೆಲಸ ಜನರನ್ನು ಸೇರಿಸುತ್ತದೆ, ಸೇರಿದ ಜನ ಆ ಕೆಲಸಕ್ಕೆ ಹೊಸಬರನ್ನು ತರುತ್ತಾರೆ.

ಖಾಸಗಿ ಕಟ್ಟಡವಾದರೆ ಏನು ಮಾಡುವುದು? ಇಂಗ್ಲೆಂಡಿನ 2011ರ ಸ್ಥಳೀಯತಾ ಕಾಯ್ದೆ ಪ್ರಕಾರ ಊರಿಗೆ ಬೇಕಾದ ಅಂಗಡಿಯನ್ನೋ ಭವನವನ್ನೋ ಸಮುದಾಯದ ಆಸ್ತಿ ಎಂದು ಪಟ್ಟಿಗೆ ಸೇರಿಸಬಹುದು. ಮಾಲೀಕ ಮಾರಲು ಹೊರಟಾಗ ಊರಿನವರು ಮುಂದೆ ಬಂದರೆ ಆರು ತಿಂಗಳ ಕಾಲಾವಕಾಶ ಸಿಗುತ್ತದೆ. ಆದರೆ ಅವರಿಗೇ ಮಾರಬೇಕೆಂಬ ಕಡ್ಡಾಯ ಆ ಕಾಯ್ದೆಯಲ್ಲಿಲ್ಲ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಇನ್ನೂ ಮುಂದೆ ಹೋಗಿ, ನೋಂದಾಯಿಸಿಕೊಂಡ ಸಮುದಾಯಕ್ಕೆ ಕೊಳ್ಳುವ ಮೊದಲ ಹಕ್ಕನ್ನೇ ಕೊಟ್ಟಿತು. ಅದಕ್ಕೂ ಮುಂಚೆಯೇ, 1997ರಲ್ಲಿ, ಅಲ್ಲಿನ ಎಗ್ ಎಂಬ ದ್ವೀಪದವರು ದ್ವೀಪವನ್ನೇ ಟ್ರಸ್ಟಿನ ಮೂಲಕ ಕೊಂಡುಕೊಂಡರು. ಆಗ ಅಲ್ಲಿನ ಜನಸಂಖ್ಯೆ 65ರ ಆಸುಪಾಸು, ಈಗ ನೂರು ದಾಟಿದೆ. ದೋಣಿ ಬಂದು ನಿಲ್ಲುವ ದಕ್ಕೆಯ ಪಕ್ಕದಲ್ಲೇ ಅಂಗಡಿ, ಕೆಫೆ ಎಲ್ಲ ಒಂದೇ ಕಡೆ ಇವೆ. ಊರಿನವರಿಗೂ ಬಂದವರಿಗೂ ಭೇಟಿಯಾಗುವ ಜಾಗ ಅದೇ.

ಪ್ರವಾಸಿಗರ ವಿರುದ್ಧ ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಅವರ ದುಡ್ಡಿಲ್ಲದಿದ್ದರೆ ಎಷ್ಟೋ ಕಡಲೂರುಗಳಲ್ಲಿ ಒಂದು ಕಾಫಿ ಅಂಗಡಿಯೂ ನಿಲ್ಲುವುದಿಲ್ಲ. ಹೊರಗಿನಿಂದ ಬಂದು ವರ್ಷಪೂರ್ತಿ ನೆಲೆಸುವವರಲ್ಲಿ ಗ್ರಂಥಾಲಯ ಸಮಿತಿಯ ಬೆನ್ನೆಲುಬಾದವರು ಬಹಳ ಮಂದಿ. ಹಳಬರ ಕೂಟಗಳಲ್ಲೂ ದೋಷವಿದೆ. ಹೆಂಗಸರಿಗೆ, ಹೊಸಬರಿಗೆ, ವಲಸೆ ಕೆಲಸಗಾರರಿಗೆ ಬಾಗಿಲು ಮುಚ್ಚಿದ ಕೂಟಗಳು ಎಷ್ಟೋ ಇವೆ. ಅಂಥ ಜಾಗ ಉಳಿದರೂ ಊರು ಸೇರಿದಂತಲ್ಲ. ಹಾಗಾಗಿ ಸಾರ್ವಜನಿಕ ಜಮೀನನ್ನು ಗುತ್ತಿಗೆಗೆ ಕೊಡುವಾಗ ಸದಸ್ಯತ್ವ ಎಲ್ಲರಿಗೂ ತೆರೆದಿರಬೇಕು ಎಂಬ ಷರತ್ತು ಹಾಕುವುದು ನ್ಯಾಯ.

ದೊಡ್ಡ ಹಣವಿಲ್ಲದೆಯೂ ಆಗುವ ಕೆಲಸಗಳಿವೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳನ್ನು ಕ್ಯಾಮೆರಾ ಇಟ್ಟು ಗಮನಿಸಿದ ವಿಲಿಯಂ ವೈಟ್ ಅವರಿಗೆ ಕಂಡದ್ದು, ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ ಎಂಬ ಸರಳ ಸತ್ಯ. ಸರಿಸಿಕೊಳ್ಳಲು ಬರುವ ಕುರ್ಚಿ ಇದ್ದರೆ ಇನ್ನೂ ಚೆನ್ನ. ಬಿಸಿಲಿನ ತೀರಕ್ಕೆ ಇದರ ಜೊತೆ ನೆರಳು ಬೇಕು, ಕುಡಿಯುವ ನೀರು ಬೇಕು, ಶುಚಿಯಾದ ಶೌಚಾಲಯ ಬೇಕು. ವಯಸ್ಸಾದವರು, ಗರ್ಭಿಣಿಯರು, ಸಣ್ಣ ಮಕ್ಕಳ ತಾಯಂದಿರು ಎಷ್ಟು ಹೊತ್ತು ಕೂರುತ್ತಾರೆ ಎನ್ನುವುದು ಇವುಗಳ ಮೇಲೆ ನಿಂತಿದೆ. ಪ್ರವಾಸಿ ಅಭಿವೃದ್ಧಿಯ ಹೆಸರಲ್ಲಿ ಮರ ಕಡಿದು ಕಲ್ಲು ಹಾಸಿದ ಕಡಲದಂಡೆಯಲ್ಲಿ ಮಧ್ಯಾಹ್ನ ಯಾರೂ ನಿಲ್ಲುವುದಿಲ್ಲ. ಫೋಟೋದಲ್ಲಿ ಅದು ಚೆನ್ನಾಗಿ ಕಾಣಬಹುದು.

ಸ್ಥಳೀಯ ಆಡಳಿತಗಳು ಮೊದಲು ಒಂದು ಪಟ್ಟಿ ಮಾಡಲಿ. ಊರಿನವರು ಸೇರುವ ಜಾಗಗಳು ಯಾವುವು, ಪ್ರತಿಯೊಂದರ ಮಾಲೀಕರು ಯಾರು, ಗುತ್ತಿಗೆ ಯಾವ ವರ್ಷ ಮುಗಿಯುತ್ತದೆ, ಸೀಸನ್ ಇಲ್ಲದ ತಿಂಗಳಲ್ಲಿ ಎಷ್ಟು ದಿನ ತೆರೆದಿರುತ್ತದೆ. ಬಾಡಿಗೆ ರಿಯಾಯಿತಿ ಕೊಡುವುದಾದರೆ ಈ ಕೊನೆಯ ಅಂಕಿ ನೋಡಿ ಕೊಡಲಿ. ವರ್ಷಪೂರ್ತಿ ಬಾಗಿಲು ತೆರೆಯುವವರಿಗೆ ಕಡಿಮೆ ಬಾಡಿಗೆ, ಸೀಸನ್‌ನಲ್ಲಿ ಮಾತ್ರ ತೆರೆಯುವವರಿಗೆ ಪೂರ್ತಿ ಬಾಡಿಗೆ. ಗುತ್ತಿಗೆ ಮುಗಿಯಲು ಎರಡು ಮೂರು ವರ್ಷ ಇರುವಾಗಲೇ ಊರಿನವರ ಜೊತೆ ಮಾತು ಶುರುವಾಗಲಿ. ದುಡ್ಡು ಕೂಡಿಸಲು, ಟ್ರಸ್ಟ್ ನೋಂದಾಯಿಸಲು ಅಷ್ಟು ಸಮಯ ಬೇಕೇ ಬೇಕು.